ಮೇ ತಿಂಗಳ ಖಾಲಿ ಹಾಸಿಗೆಗಳು

ಏಪ್ರಿಲ್ 6, 1975

ನಿನ್ನೆಯ ಟಪಾಲಿನಲ್ಲಿ ಸರಕಾರದ ಸುತ್ತೋಲೆ ಬಂತು. ಮುಂಬಯಿ ಉಪನಗರಗಳ ಸಣ್ಣ ಆಸ್ಪತ್ರೆಗಳನ್ನು ಮುಚ್ಚಿ ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಕಳಿಸುವ ಯೋಚನೆಯಂತೆ. ಖರ್ಚೂ ಉಳಿಯುತ್ತದೆ, ಚಿಕಿತ್ಸೆಯೂ ಚೆನ್ನಾಗಿರುತ್ತದೆ ಎಂದು ಬರೆದಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ ಇದು. ಮುಚ್ಚಬೇಕಾದವುಗಳಲ್ಲಿ ಕಾಂದಿವಲಿಯದೊಂದು, ನಮ್ಮ ಚೆಂಬೂರಿನ ಜನಸೇವಾ ಆಸ್ಪತ್ರೆ ಇನ್ನೊಂದು.

ಓದುತ್ತಿದ್ದಂತೆ ಕಿವಿ ಬಿಸಿಯಾಯಿತು. ಇವತ್ತು ಶಾಸಕ ಕಾಂತಪ್ಪನವರು ಎಂದು ಜನ ಹಾರ ಹಾಕುತ್ತಾರೆ. ಆದರೆ ಉಡುಪಿಯಿಂದ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತ, ಕನ್ನಡ ನೈಟ್ ಸ್ಕೂಲಿಗೆ ಓಡುತ್ತಿದ್ದ ಕಾಂತಪ್ಪ ಟೈಫಾಯ್ಡ್ ಬಂದು ಮಲಗಿದ್ದು ಆ ಆಸ್ಪತ್ರೆಯ ಬಾಗಿಲ ಪಕ್ಕದ ಮಂಚದಲ್ಲಿ. ಸ್ವಂತ ಹೋಟೆಲು ಹಾಕಿದ ವರ್ಷ ನನ್ನ ಮಗಳು ಸೇವಂತಿ ಹುಟ್ಟಿದ್ದೂ ಅಲ್ಲೇ. ಅದನ್ನು ಮುಚ್ಚಲು ಬರುವವರು ಮೊದಲು ನನ್ನನ್ನು ದಾಟಿ ಹೋಗಲಿ.

ಸಂಜೆ ಆಸ್ಪತ್ರೆಗೆ ಹೋದೆ. ಡಾಕ್ಟರ್ ಕಸ್ತೂರಿಬಾಯಿಯವರು ಗುಡ್ಡದ ಝೋಪಡಪಟ್ಟಿಯ ನಾಗವ್ವನನ್ನು ಪರೀಕ್ಷೆ ಮಾಡುತ್ತಿದ್ದರು. ಅವಳ ಗಂಡ ಸಂಗಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಗುಲ್ಬರ್ಗದ ಕಡೆಯವನು, ಕಟ್ಟಡದ ಕೆಲಸದವನು. ಕಳೆದ ಚುನಾವಣೆಯಲ್ಲಿ ಗುಡ್ಡದ ಗೋಡೆ ಗೋಡೆಗೂ ನನ್ನ ಪೋಸ್ಟರು ಅಂಟಿಸಿದವನು ಅವನೇ. ನನ್ನನ್ನು ನೋಡಿ ಎದ್ದು ನಿಂತ.

"ಎರಡು ಕೂಸು ಹೋದುವ್ರಿ ಸಾಹೇಬ್ರ. ಹೊಟ್ಟ್ಯಾಗ ಚಲೋ ಇರ್ತಾವ, ಹುಟ್ಟೂ ಹೊತ್ತಿಗಿ ತಪ್ತಾವ. ಈ ಸಲ ಬಾಯಾರು ನಾ ನೋಡ್ಕೋತೀನಿ ಅಂದಾರ," ಎಂದ.

ಕಸ್ತೂರಿಬಾಯಿ ಧಾರವಾಡದವರು, ಮಾತು ನೇರ. "ಇಕಿಗೆ ಬಿ.ಪಿ. ಏರ್ತದ. ನೋವು ಸುರು ಆದ ಕೂಡ್ಲೆ ಇಲ್ಲಿಗೆ ಬಂದ್ರ ಕೂಸು ಉಳೀತದ. ತಡ ಆದ್ರ ನನ್ನ ಕೈಯಾಗಿಲ್ಲ. ಆಗಸ್ಟ್ ತಿಂಗಳ ಮಟ ಈ ಬಾಗಿಲಾ ತೆರೆದಿರಬೇಕು, ಕಾಂತಪ್ಪನವರ," ಎಂದರು.

ನಾಗವ್ವ ಸೆರಗಿನ ತುದಿ ಹಿಡಿದು ನೆಲ ನೋಡುತ್ತ ನಿಂತಿದ್ದಳು. ನನಗೆ ಎದೆ ತುಂಬಿ ಬಂತು. "ನಾಗವ್ವನ ಮಗು ಹುಟ್ಟುವುದು ಇದೇ ಆಸ್ಪತ್ರೆಯಲ್ಲಿ. ಇದು ಕಾಂತಪ್ಪನ ಮಾತು," ಎಂದೆ. ಸಂಗಪ್ಪ ಕಾಲು ಮುಟ್ಟಲು ಬಗ್ಗಿದ. ಎತ್ತಿ ನಿಲ್ಲಿಸಿದೆ.

ಏಪ್ರಿಲ್ 27

ಸದನದಲ್ಲಿ ಗುಡುಗಿದೆ. ಮರಾಠಿಯಲ್ಲಿ ಮಾತಾಡುವಾಗ ನನ್ನ ಉಡುಪಿಯ ನಾಲಿಗೆ ಒಂದೆರಡು ಕಡೆ ತೊಡರಿತು, ಹಿಂದಿನ ಬೆಂಚಿನವರು ನಕ್ಕರು, ನಗಲಿ. ಆರೋಗ್ಯ ಮಂತ್ರಿಗಳು ನಗಲಿಲ್ಲ. ಆಮೇಲೆ ಕೋಣೆಗೆ ಕರೆಸಿ, "ಮುಚ್ಚುವ ಮೊದಲು ತಪಾಸಣಾ ಸಮಿತಿಯೊಂದನ್ನು ಕಳಿಸುತ್ತೇನೆ. ಹಾಸಿಗೆಗಳು ತುಂಬಿದ್ದರೆ ಆಸ್ಪತ್ರೆ ಉಳಿಯುತ್ತದೆ. ದಿನ ನೀವೇ ಗೊತ್ತು ಮಾಡಿ," ಎಂದರು.

ಗೆದ್ದೆ ಎನಿಸಿತು. ಅಧಿವೇಶನ ಮುಗಿದಿರುತ್ತದೆ, ಮಳೆ ಇರುವುದಿಲ್ಲ, ಮಾವಿನ ಹಣ್ಣಿನ ಕಾಲ ಎಂದು ಮೇ ಹದಿನಾಲ್ಕು ಎಂದು ಹೇಳಿಬಿಟ್ಟೆ. ಸಮಿತಿಗೆ ನಮ್ಮ ಹೋಟೆಲಿನಲ್ಲೇ ಊಟ. ಹೊಟ್ಟೆ ತಣ್ಣಗಿದ್ದವನ ವರದಿಯೂ ತಣ್ಣಗಿರುತ್ತದೆ. ಇಪ್ಪತ್ತೈದು ವರ್ಷ ಗಲ್ಲೆಯಲ್ಲಿ ಕೂತವನಿಗೆ ಇಷ್ಟೂ ತಿಳಿಯದೆ?

ಮೇ 14

ಏನು ಬರೆಯಲಿ.

ಸಮಿತಿಯವರು ಸರಿಯಾದ ಹೊತ್ತಿಗೆ ಬಂದರು. ನಾನು ಹಾರ ಹಿಡಿದು ನಿಂತಿದ್ದೆ. ಒಳಗೆ ಹೋದರೆ ಸಾಲಾಗಿ ಖಾಲಿ ಮಂಚಗಳು. ಹೆಣ್ಣುಮಕ್ಕಳ ವಾರ್ಡಿನಲ್ಲಿ ಹಾಸಿಗೆಗಳನ್ನು ಸುತ್ತಿ ಬಿಸಿಲಿಗೆ ಹಾಕಿದ್ದರು. ಒಂದು ನಾಯಿ ಮಂಚದ ಕೆಳಗೆ ತಂಪಾಗಿ ಮಲಗಿತ್ತು. ಹೊರರೋಗಿಗಳ ಬೆಂಚಿನಲ್ಲಿ ಇದ್ದವಳು ನಾಗವ್ವ ಒಬ್ಬಳೇ. ದೂರ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ಊರಿಗೆ ಹೋಗಿರಲಿಲ್ಲ.

ಉಳಿದವರೆಲ್ಲ ಹೋಗಿದ್ದರು! ಮೇ ತಿಂಗಳೆಂದರೆ ಅರ್ಧ ಮುಂಬಯಿ ಊರಿಗೆ ಹೋಗುತ್ತದೆ. ಗುಡ್ಡದವರು ಗುಲ್ಬರ್ಗ, ಬಿಜಾಪುರಕ್ಕೆ ಮದುವೆಗೆಂದು, ಮಿರಗದ ಮಳೆಗೆ ಮೊದಲು ಹೊಲ ಹಸನು ಮಾಡಲೆಂದು ಹೋಗುತ್ತಾರೆ. ಚಾಳಿನವರು ಕೊಂಕಣಕ್ಕೆ. ನಮ್ಮವರು ಘಟ್ಟದ ಕೆಳಗೆ. ಹೆರಿಗೆ ಹತ್ತಿರವಿದ್ದವರು ತವರಿಗೆ. ನನ್ನ ಹೋಟೆಲಿನಲ್ಲೇ ಅರ್ಧ ಜನ ಇಲ್ಲದೆ ಇವತ್ತು ಬಡಿಸಲು ನಾನೇ ನಿಂತೆ. ಹಾಗೆ ನಿಂತಾಗಲೂ ಹೊಳೆಯಲಿಲ್ಲವಲ್ಲ!

ಸಮಿತಿಯ ಹಿರಿಯ ಅಧಿಕಾರಿ ನಾಗವ್ವನ ಕಡೆ ಕೈ ತೋರಿಸಿ, "ಒಬ್ಬಳಿಗಾಗಿ ಒಂದು ಆಸ್ಪತ್ರೆಯೇ, ಶಾಸಕರೇ?" ಎಂದ. ಎಲ್ಲರೂ ನಕ್ಕರು. ಮರ್ಯಾದೆಗೆಂದು ನಾನೂ ಸ್ವಲ್ಪ ನಕ್ಕೆ.

ಊಟ ಮಾತ್ರ ಚೆನ್ನಾಗಿತ್ತು. ಸೀಕರಣೆಯನ್ನು ಎರಡೆರಡು ಸಲ ಹಾಕಿಸಿಕೊಂಡರು.

ಮೇ 16

ಹೆಂಡತಿ ಶೀಲಾವತಿ ನಿನ್ನೆಯಿಂದ ಒಂದೇ ಸಮನೆ ಹೇಳುತ್ತಿದ್ದಾಳೆ. "ಮೇ ತಿಂಗಳು ಮುಂಬಯಿಯಲ್ಲಿ ಯಾರಿರ್ತಾರೆ ಮಾರಾಯ್ರೆ? ನನ್ನತ್ರ ಒಂದು ಮಾತು ಕೇಳ್ಬಾರದಿತ್ತಾ? ಈಗ ಎಂತ ಕಡಿದು ಹೋದದ್ದುಂಟು? ದಿನ ತಪ್ಪಿ ಕೊಟ್ಟೆ, ಜುಲೈಯಲ್ಲಿ ಇನ್ನೊಮ್ಮೆ ಬಂದು ನೋಡಿ ಅಂತ ಮಂತ್ರಿಗೊಂದು ಕಾಗದ ಬರೆದು ಹಾಕಿ."

ಕಸ್ತೂರಿಬಾಯಿಯವರೂ ಹೋಟೆಲಿಗೇ ಬಂದು ಇದನ್ನೇ ಹೇಳಿದರು. ಮಳೆ ಹಿಡಿದರೆ ಮಲೇರಿಯ, ವಾಂತಿಭೇದಿ, ಕಾರಖಾನೆಯ ಹೊಗೆ ಕುಡಿದು ಕೆಮ್ಮುವವರು ಎಲ್ಲ ಬಂದು ನೆಲದ ಮೇಲೂ ಜಾಗ ಇರುವುದಿಲ್ಲವಂತೆ. ಅದು ನನಗೂ ಗೊತ್ತು. ನಾಳೆಯೇ ಬರೆಯುತ್ತೇನೆ.

ಜೂನ್ 4

ಮಂತ್ರಿಗಳು ಬಂಗಲೆಗೆ ಚಹಕ್ಕೆ ಕರೆದಿದ್ದರು. ಕಾಗದ ಜೇಬಿನಲ್ಲೇ ಇತ್ತು. ಅದನ್ನು ತೆಗೆಯುವ ಮೊದಲೇ ಅವರು, "ದಿನ ಆರಿಸಿದ್ದು ನೀವೇ ಅಲ್ಲವೇ?" ಎಂದು ನಕ್ಕರು. ಸಿಟ್ಟಿರಲಿಲ್ಲ, ಸಲಿಗೆಯಿತ್ತು. ಆಮೇಲೆ, ಉಪನಗರಗಳ ಆರೋಗ್ಯಕ್ಕೆಂದು ಒಂದು ಸ್ಥಾಯಿ ಸಮಿತಿ ಆಗುತ್ತದೆ, ಅದಕ್ಕೆ ಅನುಭವವುಳ್ಳ ಅಧ್ಯಕ್ಷರು ಬೇಕು ಎಂದರು.

ಯೋಚಿಸಿ ನೋಡಿದೆ. ನಾನೇ ಗೊತ್ತು ಮಾಡಿದ ದಿನ ತಪ್ಪು ಎಂದು ನಾನೇ ಬರೆದುಕೊಟ್ಟರೆ ನಾಳೆ ಇಡೀ ವಿಧಾನಸಭೆ ನಗುತ್ತದೆ. ನಗೆಗೀಡಾದವನ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅಧ್ಯಕ್ಷನಾದರೆ ಒಳಗಿದ್ದುಕೊಂಡೇ ಆಸ್ಪತ್ರೆಯನ್ನು ಉಳಿಸಬಹುದು. ಹೊರಗೆ ಕೂಗುವುದಕ್ಕಿಂತ ಒಳಗೆ ಪಿಸುಗುಟ್ಟುವುದು ಲೇಸು. ಕಾಗದವನ್ನು ಸದ್ಯಕ್ಕೆ ಡ್ರಾಯರಿನಲ್ಲಿಟ್ಟೆ.

ಶೀಲಾವತಿ ಕೇಳಿದಳು. ಮಾತಾಡಿದ್ದೇನೆ ಎಂದೆ.

ಜೂನ್ 27

ತುರ್ತು ಪರಿಸ್ಥಿತಿ. ಪತ್ರಿಕೆ ತೆಳ್ಳಗಾಗಿ ಬಂದಿದೆ. ಆಸ್ಪತ್ರೆ ಉಳಿಸಲು ಬರುವ ಭಾನುವಾರ ಮೆರವಣಿಗೆ ಇಟ್ಟುಕೊಂಡಿದ್ದ ಕಾಮಗಾರರ ಮುಖಂಡನನ್ನು ನಿನ್ನೆ ಮನೆಯಿಂದಲೇ ಕರೆದುಕೊಂಡು ಹೋದರಂತೆ. ಎಲ್ಲಿಗೆ ಎಂದು ಅವನ ಹೆಂಡತಿಗೂ ಹೇಳಿಲ್ಲ.

ಮೆರವಣಿಗೆಯ ಮುಂದೆ ನಡೆಯಬೇಕಾದವನು ನಾನು. ನನ್ನ ಕಾರ್ಯದರ್ಶಿ ಚೆನ್ನಯ ಬಂದು, "ಬೇಡ ಧಣಿ, ನಾಲ್ಕು ಜನ ಒಟ್ಟು ಸೇರುವ ಹಾಗಿಲ್ಲ," ಎಂದ. ನಿಜ ಬರೆಯಬೇಕೆಂದರೆ, ಮನಸ್ಸು ಹಗುರಾಯಿತು. ನಾನಾಗಿ ಹಿಂದೆ ಸರಿದದ್ದಲ್ಲವಲ್ಲ.

ಇವತ್ತು ಗಾಳಿ ಕಾರಖಾನೆಗಳ ಕಡೆಯಿಂದ ಬೀಸುತ್ತಿದೆ. ಕಿಟಕಿ ಮುಚ್ಚಿದರೂ ಗಂಟಲು ಉರಿ.

ಜುಲೈ 12

ಎರಡು ಆದೇಶಗಳು ಒಂದೇ ದಿನ ಬಂದವು. ಸ್ಥಾಯಿ ಸಮಿತಿಗೆ ನಾನು ಅಧ್ಯಕ್ಷ. ಚೆಂಬೂರು ಆಸ್ಪತ್ರೆ ಈ ತಿಂಗಳ ಕೊನೆಗೆ ಬಂದ್.

ಹೋಟೆಲಿನವರ ಸಂಘದಿಂದ ಸನ್ಮಾನ ಮಾಡಿದರು. ಶಾಲು ಒಳ್ಳೆಯದಿತ್ತು. ಹೊರಗೆ ಬಂದಾಗ ಕಸ್ತೂರಿಬಾಯಿ ಮಳೆಯಲ್ಲೇ ನಿಂತಿದ್ದರು. ವಾರ್ಡು ತುಂಬಿ ವರಾಂಡದಲ್ಲಿ ಚಾಪೆ ಹಾಕಿದ್ದಾರಂತೆ. "ಈಗೊಮ್ಮೆ ಕರಕೊಂಡು ಬರ್ರಿ ನಿಮ್ಮ ಸಮಿತಿಯವರನ್ನ, ಈಗ ನೋಡ್ಲಿ," ಎಂದರು. ಧ್ವನಿ ಏರಿತ್ತು. ಕಾಲ ಚೆನ್ನಾಗಿಲ್ಲ ಬಾಯಿಯವರೇ, ಮೆಲ್ಲಗೆ ಮಾತಾಡಿ ಎಂದು ಅವರ ಒಳ್ಳೆಯದಕ್ಕೇ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ ಹೋಗಿಬಿಟ್ಟರು. ಓದಿದವರಿಗೆ ಹಟ ಜಾಸ್ತಿ.

ಸಂಗಪ್ಪನೂ ಬಂದಿದ್ದ. ಅವನ ಹೆಂಡತಿಗೆ ಎಂಟು ತಿಂಗಳಂತೆ. "ಹೆದರಬೇಡ, ನೋವು ಬಂತೆಂದು ಒಂದು ಮಾತು ಹೋಟೆಲಿಗೆ ಹೇಳಿ ಕಳಿಸು. ನನ್ನ ಕಾರೇ ನಿನ್ನ ಬಾಗಿಲಿಗೆ ಬರುತ್ತದೆ, ಸಯನ್ನಿನ ದೊಡ್ಡಾಸ್ಪತ್ರೆ ಎಷ್ಟು ದೂರ?" ಎಂದೆ.

"ನಿಮ್ಮ ಮಾತಂದ್ರ ಮುಗೀತ್ರಿ," ಎಂದು ಹೋದ.

ಜುಲೈ 31

ಮುಚ್ಚಿದರು. ನಾನು ಹೋಗಲಿಲ್ಲ, ಮೀಟಿಂಗ್ ಇತ್ತು.

ಆಗಸ್ಟ್ 20

ನಿನ್ನೆ ಕಾಂದಿವಲಿಯ ಆಸ್ಪತ್ರೆಯನ್ನು ನೋಡಲು ಹೋಗಿದ್ದೆ. ಸಮಿತಿಯ ಅಧ್ಯಕ್ಷನಾದ ಮೇಲೆ ಮೊದಲ ತಪಾಸಣೆ. ಕಾರು ನನ್ನ ಜೊತೆಗಿತ್ತು. ಮಧ್ಯಾಹ್ನದಿಂದ ಬಿಡದೆ ಮಳೆ, ರಸ್ತೆಗಳೆಲ್ಲ ನೀರು.

ಮನೆಗೆ ಬಂದಾಗ ಶೀಲಾವತಿ ಜಗಲಿಯಲ್ಲೇ ನಿಂತಿದ್ದಳು. ಸಂಗಪ್ಪ ಹೋಟೆಲಿಗೆ ಓಡಿ ಬಂದಿದ್ದನಂತೆ, ಕಾರು ಇಲ್ಲವೆಂದು ತಿಳಿದು ಹಾಗೇ ಓಡಿದನಂತೆ. ಹೆಂಡತಿಯನ್ನು ಕೈಗಾಡಿಯಲ್ಲಿ ಮಲಗಿಸಿ ಮೇಲೆ ಟಾರ್ಪಾಲು ಹೊದಿಸಿ ಗುಡ್ಡ ಇಳಿಸಿದ್ದಾರೆ. ಮುಚ್ಚಿದ ಆಸ್ಪತ್ರೆಯ ಮುಂದಿನಿಂದಲೇ ಹೋಗಬೇಕು, ಬೇರೆ ದಾರಿಯಿಲ್ಲ. ಟ್ಯಾಕ್ಸಿ ಸಿಕ್ಕಿತು, ಆದರೆ ರೈಲ್ವೆ ಸೇತುವೆಯ ಕೆಳಗೆ ನೀರಿನಲ್ಲಿ ನಿಂತುಬಿಟ್ಟಿತು. ಕೂಸು ಅಲ್ಲಿಯೇ ಹುಟ್ಟಿ ಅಲ್ಲಿಯೇ ಹೋಯಿತು. ಗಂಡು. ತಾಯಿಯನ್ನು ಸಯನ್ನಿನ ಡಾಕ್ಟರುಗಳು ಹೇಗೋ ಉಳಿಸಿದ್ದಾರೆ. ಮುಂದೆ ಮಕ್ಕಳಾಗಲು ಅಡ್ಡಿಯಿಲ್ಲ, ಚೆನ್ನಾಗಿ ನೋಡಿಕೊಳ್ಳಬೇಕು ಎಂದಿದ್ದಾರಂತೆ. ಅದೊಂದು ಸಮಾಧಾನ.

ಬಹಳ ಕೆಡುಕೆನಿಸಿತು. ಊಟ ಸೇರಲಿಲ್ಲ. ಆದರೆ ಮಳೆ ಯಾರ ಕೈಯಲ್ಲಿದೆ? ಕಾರು ಇದ್ದಿದ್ದರೂ ಅದೇ ನೀರಿನಲ್ಲಿ ನಿಲ್ಲುತ್ತಿತ್ತು. ಇದನ್ನು ಶೀಲಾವತಿಗೆ ಹೇಳಿದೆ. ಅವಳು ಒಳಗೆ ಹೋದಳು. ಚೆನ್ನಯನ ಕೈಯಲ್ಲಿ ಹಣ್ಣು ಕಳಿಸಿದ್ದೇನೆ.

ಆಗಸ್ಟ್ 23

ಶೀಲಾವತಿ ಗುಡ್ಡಕ್ಕೆ ಹೋಗಿ ಬಂದಳು. ಅಲ್ಲಿ ಏನಾಯಿತೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫೆಬ್ರವರಿ 9, 1976

ಬರೆಯದೆ ಬಹಳ ದಿನವಾಯಿತು. ಕೆಲಸ ಹಾಗಿದೆ. ಕಾಂದಿವಲಿಯದಕ್ಕೂ ಸಹಿ ಹಾಕಿದೆ. ಸ್ಥಳೀಯ ಶಾಸಕ ಬಂದು ಮೇಜು ಗುದ್ದಿ ಕೂಗಾಡಿದ, ಹುಡುಗ, ಇನ್ನೂ ಬಿಸಿರಕ್ತ. ಸಾವಕಾಶವಾಗಿ ತಿಳಿಯುತ್ತದೆ. ಸಣ್ಣ ಸಣ್ಣ ಆಸ್ಪತ್ರೆಗಳಿಂದ ಖರ್ಚು ಹೆಚ್ಚು, ಚಿಕಿತ್ಸೆ ಕಡಿಮೆ ಎಂದು ಅವನಿಗೆ ಬಿಡಿಸಿ ಹೇಳಿದೆ.

ಸಂಗಪ್ಪನಿಗೆ ಕಟ್ಟಡದ ಕೆಲಸ ತಪ್ಪಿತ್ತು. ಕಸ ಗುಡಿಸುವ ಗುತ್ತಿಗೆಯಲ್ಲಿ ಸೇರಿಸಿದೆ. ಉಪಕಾರ ಮರೆಯುವವನಲ್ಲ ಈ ಕಾಂತಪ್ಪ.

ಆಗಸ್ಟ್ 22

ಸೇವಂತಿಯ ಸೀಮಂತ ಚೆನ್ನಾಗಿ ಆಯಿತು. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಮನೆಗೆ ಕರೆತಂದಿದ್ದೇವೆ. ಮೈಸೂರು ಮಲ್ಲಿಗೆ ಮುಡಿದು ಮನೆ ತುಂಬ ಓಡಾಡುತ್ತಾಳೆ. ಮಾಟುಂಗದ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೋಣೆ ಗೊತ್ತು ಮಾಡಿದೆ. ಶೀಲಾವತಿಯೂ ಎಷ್ಟೋ ತಿಂಗಳ ಮೇಲೆ ನಕ್ಕು ಮಾತಾಡಿದಳು.

ಇನ್ನೊಂದು ಕಡೆ ತಲೆಬಿಸಿ. ಕುಟುಂಬ ಯೋಜನೆಗೆ ನಮ್ಮ ಕ್ಷೇತ್ರದಿಂದ ಜನ ಸಾಲದು ಎಂದು ಮೇಲಿನಿಂದ ದಿನವೂ ಫೋನು. ನಸಬಂದಿ ಆಪರೇಷನ್ ಎಂದರೆ ಸಾಕು, ಗುಡ್ಡದ ಗಂಡಸರು ನಾಪತ್ತೆ. ಕೆಲವರು ರಾತ್ರಿ ರೈಲ್ವೆ ಯಾರ್ಡಿನಲ್ಲಿ ಮಲಗುತ್ತಾರಂತೆ. ಚೆನ್ನಯ ಒಂದು ಉಪಾಯ ಹೇಳಿದ. ಝೋಪಡಿಗಳಿಗೆ ಈಗ ಪಾಸು ಕೊಡುತ್ತಿದ್ದಾರೆ, ಪಾಸಿಲ್ಲದ್ದನ್ನು ಕೆಡವುತ್ತಾರೆ. ಆಪರೇಷನ್ನಿನ ಸರ್ಟಿಫಿಕೇಟು ತಂದವರ ಪಾಸಿಗೆ ಮಾತ್ರ ನನ್ನ ಶಿಫಾರಸು ಎಂದರೆ ತಾವಾಗಿಯೇ ಬರುತ್ತಾರೆ. ಗುತ್ತಿಗೆ ಕೆಲಸದವರಿಗೂ ಅದೇ ಮಾತು.

ಶಿಬಿರಕ್ಕೆ ಜಾಗ ಎಲ್ಲಿ ಎಂದು ಕೇಳಿದೆ. "ಆ ಕಟ್ಟಡ ಹೇಗೂ ಖಾಲಿ ಬಿದ್ದಿದೆಯಲ್ಲ ಧಣಿ, ಮಂಚಗಳೂ ಇವೆ," ಎಂದ. ನನಗೆ ಹೊಳೆದೇ ಇರಲಿಲ್ಲ.

ಸೆಪ್ಟೆಂಬರ್ 9

ಬೆಳಿಗ್ಗೆ ಸಂಗಪ್ಪ ಬಂದ. ಕೂರು ಎಂದರೆ ಕೂರಲಿಲ್ಲ.

"ಸಾಹೇಬ್ರ, ಗುತ್ತಿಗಿ ಮುಕಾದಮ ನನ್ನ ಹೆಸರೂ ಬರ್ಕೊಂಡಾನ್ರಿ. ಮಕ್ಕಳಿದ್ದವರು ಮಾಡಿಸ್ಕೊಳ್ಳಲಿ. ನನಗ ಒಂದೂ ಇಲ್ಲ. ಹೇಳಿದ್ರ, ಸಾಹೇಬ್ರ ಕಡಿಂದ ಚೀಟಿ ತಾ, ಬಿಡ್ತೀನಿ ಅಂತಾನ. ಒಂದು ಚೀಟಿ ಬರ್ದು ಕೊಡ್ರಿ."

ನ್ಯಾಯವಾದ ಮಾತು. ಪೆನ್ನು ಕೈಗೆತ್ತಿಕೊಂಡೆ. ಚೆನ್ನಯ ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ: "ಇವನೊಬ್ಬನನ್ನು ಬಿಟ್ಟರೆ ನಾಳೆ ಇಡೀ ಗುಡ್ಡ ನಮ್ಮ ಬಾಗಿಲಿಗೆ. ಒಬ್ಬೊಬ್ಬರದೂ ಒಂದೊಂದು ಕತೆ. ಮಂತ್ರಿಗಳೇ ಶಿಬಿರಕ್ಕೆ ಬರ್ತಾರೆ ಧಣಿ, ಖಾಲಿ ಮಂಚ ತೋರಿಸ್ಲಿಕ್ಕಾಗ್ತದಾ?"

ಅದೂ ನಿಜವೇ. ಮೇಲಾಗಿ ಮಕ್ಕಳಿಲ್ಲ ಎಂದು ಬಾಯಿಮಾತಿನಲ್ಲಿ ಯಾರು ಬೇಕಾದರೂ ಹೇಳಬಹುದು. ಇವನ ವಿಷಯ ಬೇರೆ, ಅದು ನನಗೆ ಗೊತ್ತು. ಆದರೆ ಕಾನೂನು ಎಂದ ಮೇಲೆ ಎಲ್ಲರಿಗೂ ಒಂದೇ ಇರಬೇಕು. "ನಾಳೆ ಬಾ ಸಂಗಪ್ಪ, ನೋಡೋಣ," ಎಂದೆ.

ಅವನು ಬಾಗಿಲವರೆಗೆ ಹೋಗಿ ತಿರುಗಿ ನಿಂತ. "ಸಾಹೇಬ್ರ, ಆಕಿ ದಿನಾ ಕೇಳ್ತಾಳ, ಆಸ್ಪತ್ರಿ ಮತ್ತ ಯಾವಾಗ ತೆರೀತಾರ ಅಂತ," ಎಂದ.

ಸೆಪ್ಟೆಂಬರ್ 11

ನಿನ್ನೆ ಪುಣೆಗೆ ಹೋಗಬೇಕಾಯಿತು. ಅವನು ಬಂದು ಸಂಜೆವರೆಗೆ ಹೋಟೆಲಿನ ಮೆಟ್ಟಿಲಲ್ಲಿ ಕೂತಿದ್ದನಂತೆ. ಇವತ್ತು ಬರಲಿಲ್ಲ. ಬೇರೆ ಏನಾದರೂ ದಾರಿ ಮಾಡಿಕೊಂಡಿರಬೇಕು.

ಸೆಪ್ಟೆಂಬರ್ 18

ಶಿಬಿರ ಯಶಸ್ವಿ. ಹಾಗೆಂದು ಎಲ್ಲರೂ ಹೇಳಿದರು.

ಕಟ್ಟಡಕ್ಕೆ ಸುಣ್ಣ ಬಳಿಸಿದ್ದರು. ಗೇಟಿಗೆ ಮಾವಿನ ತೋರಣ, ಧ್ವನಿವರ್ಧಕದಲ್ಲಿ ಶಹನಾಯಿ. ಒಂದು ಮಂಚವೂ ಖಾಲಿಯಿರಲಿಲ್ಲ. ಲಾರಿಗಳಲ್ಲಿ ಬಂದವರು ವರಾಂಡದಲ್ಲಿ ಸಾಲಾಗಿ ಕೂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಮಂತ್ರಿಗಳು ಬೆನ್ನು ತಟ್ಟಿ, "ಕಾಂತಪ್ಪನವರೇ, ಇದನ್ನು ಎಲ್ಲ ಉಪನಗರಗಳಲ್ಲೂ ಮಾಡಬೇಕು," ಎಂದರು. ನನ್ನ ಭಾಷಣಕ್ಕೂ ಚಪ್ಪಾಳೆ ಬಿತ್ತು.

ಆಪರೇಷನ್ ಆದವರಿಗೆ ಒಂದೊಂದು ತುಪ್ಪದ ಡಬ್ಬಿ. ಫೋಟೋಕ್ಕಾಗಿ ಮೊದಲಿನ ಕೆಲವರಿಗೆ ನಾನೇ ಕೊಟ್ಟೆ. ಕೊಡುತ್ತ ಕೊಡುತ್ತ ತಲೆ ಎತ್ತಿದರೆ ಎದುರಿಗೆ ಸಂಗಪ್ಪ. ಬೆಳಿಗ್ಗೆಯೇ ಕರೆತಂದಿದ್ದರಂತೆ, ಆಗಿಹೋಗಿತ್ತು. ಒಂದು ಕೈಯಲ್ಲಿ ಪಂಚೆಯನ್ನು ಮುಂದಕ್ಕೆ ಹಿಡಿದುಕೊಂಡು ನಿಂತಿದ್ದ. ಫೋಟೋದವನು ಕ್ಯಾಮೆರಾ ಎತ್ತಿ, "ಇಕಡೆ ಬಘಾ, ಸಾಹೇಬ್," ಎಂದು ತನ್ನತ್ತ ನೋಡಲು ಹೇಳಿದ. ಡಬ್ಬಿ ಚಾಚಿದೆ.

ಸಂಗಪ್ಪ ತೆಗೆದುಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. "ನಾಗವ್ವ ಹೊರಗ ನಿಂತಾಳ್ರಿ. ನಿಮ್ಮ ಕೈಯಾರ ಆಕಿಗೇ ಕೊಡ್ರಿ," ಎಂದು ಹೇಳಿ ಗೋಡೆ ಹಿಡಿದುಕೊಂಡು ಮೆಲ್ಲಗೆ ನಡೆದು ಹೋದ.

ಅವಳ ಕಣ್ಣಿಗೆ ಬೀಳದೆ ಹೋಗೋಣವೆಂದು ಹಿಂದಿನ ಗೇಟಿಗೆ ಕಾರು ತರಿಸಿದೆ. ಡಬ್ಬಿ ಯಾಕೋ ಕೈಯಲ್ಲೇ ಉಳಿದಿತ್ತು. ಆ ಹೆಂಗಸು ಹಿಂದಿನ ಗೇಟಿನಲ್ಲೇ ನಿಂತಿದ್ದಳು. ತೋರಣ ಕಟ್ಟಿದ್ದನ್ನು ನೋಡಿ, ಆಸ್ಪತ್ರೆ ಮತ್ತೆ ತೆರೆಯಿತೆಂದುಕೊಂಡು ಬೆಳಿಗ್ಗೆಯಿಂದ ಅಲ್ಲಿದ್ದಳಂತೆ. ಬೇರೇನೂ ತೋಚದೆ ಡಬ್ಬಿಯನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಒಂದು ಗಳಿಗೆ ಹಿಡಿದು ನೋಡಿದಳು.

"ತುಪ್ಪ ಬಾಣಂತಿಗಿ ಕೊಡೂದು, ಸಾಹೇಬ್ರ," ಎಂದಳು. "ನನಗ್ಯಾಕ್ರಿ?"

ಕಾರಿನ ಬಾಗಿಲು ತೆರೆದಿತ್ತು. ಡಬ್ಬಿಯನ್ನು ಒಳಗೆ ಸೀಟಿನ ಮೇಲೆ ಇಟ್ಟು, ಸೆರಗು ಹೊದ್ದುಕೊಂಡು ಗುಡ್ಡದ ದಾರಿ ಹಿಡಿದಳು. ಅವಳನ್ನು ಕರೆಯಬೇಕೆನಿಸಿತು, ಆದರೆ ಕರೆದು ಏನು ಹೇಳುವುದು? ಡ್ರೈವರನಿಗೆ ಹೊರಡು ಎಂದೆ.

ಮನೆಗೆ ಬಂದ ಮೇಲೆ ನಾನು ಕಾರಿನಿಂದ ಇಳಿದು ನೇರ ಸ್ನಾನಕ್ಕೆ ಹೋದೆ. ಹೊರಗೆ ಬರುವಷ್ಟರಲ್ಲಿ ಡ್ರೈವರು ಸಾಮಾನನ್ನೆಲ್ಲ ಒಳಗೆ ತಂದಿಟ್ಟಿದ್ದ. ಶೀಲಾವತಿ ಡಬ್ಬಿಯ ಮುಚ್ಚಳ ತೆರೆದು ಮೂಸಿ ನೋಡುತ್ತಿದ್ದಳು. "ಒಳ್ಳೆ ತುಪ್ಪ ಉಂಟು ಮಾರಾಯ್ರೆ. ಸೇವಂತಿಯ ಬಾಣಂತನಕ್ಕಾಯ್ತು," ಎಂದು ಕಪಾಟಿನಲ್ಲಿಟ್ಟಳು. ನಾನು ಹೂಂ ಎಂದೆ.